ದಂಡ ಕಟ್ಟುವವರು ಯಾರು?

ಆಟದಲ್ಲಿ ಮೋಸ ಬಯಲಾದಾಗಲೆಲ್ಲ ಕೇಳಿಬರುವ ಮಾತು: ‘ಎಲ್ಲ ಕೋಚ್‌ಗಳೂ ಮಾಡೋದೇ, ಇವರು ಸಿಕ್ಕಿಬಿದ್ದರು ಅಷ್ಟೇ.’ ಇದು ವಾದವಲ್ಲ, ತಲೆಯೆಣಿಕೆ. ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆಯನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು: ನಿಯಮವೇ ಅನ್ಯಾಯದ್ದಾದರೆ ಅದನ್ನು ಮುರಿದವನು ತಪ್ಪಿತಸ್ಥನೇ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಟಿ.ವಿ. ಹಕ್ಕಿನ ಹಣ ವಿಶ್ವವಿದ್ಯಾಲಯಗಳಿಗೆ, ಕೋಟಿಗಳ ಸಂಬಳ ಕೋಚ್‌ಗಳಿಗೆ. ಆಡುವ ಹುಡುಗನಿಗೆ ಮಾತ್ರ ವಿದ್ಯಾರ್ಥಿವೇತನದ ಮೇಲೆ ಕಾಸು ಕೊಟ್ಟರೂ ಅಪರಾಧವೆಂಬ ನಿಯಮ ಬಹುಕಾಲ ನಡೆಯಿತು. ಬಡ ಆಟಗಾರನ ಮನೆಗೆ ಗುಟ್ಟಾಗಿ ದುಡ್ಡು ಮುಟ್ಟಿಸಿದವನನ್ನು ಕಳ್ಳನೆನ್ನಲು ನನಗೆ ನಾಲಿಗೆ ಏಳುವುದಿಲ್ಲ. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಗಳಿಸಬಹುದಾಯಿತು. 2025ರಲ್ಲಿ ಕಾಲೇಜುಗಳೇ ನೇರವಾಗಿ ಹಣ ಕೊಡಲು ದಾರಿಯಾಯಿತು. ಆದರೆ 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಹಿಡಿದ ನಾಲ್ವರು ಸಹಾಯಕ ಕೋಚ್‌ಗಳ ಕತೆ ಬೇರೆ. ತಮ್ಮ ಹುಡುಗರನ್ನು ಇಂಥದೇ ಏಜೆಂಟರ, ಹಣಕಾಸು ಸಲಹೆಗಾರರ ಬಳಿಗೆ ಸಾಗಹಾಕಲು ಅವರು ಲಂಚ ತಿಂದಿದ್ದರು. ನಾಲ್ವರೂ ಆಮೇಲೆ ತಪ್ಪೊಪ್ಪಿಕೊಂಡರು. ಒಂದೇ ನಿಯಮಪುಸ್ತಕ, ಎರಡು ಉಲ್ಲಂಘನೆ. ಒಂದರಲ್ಲಿ ಶಿಷ್ಯನಿಗೆ ಅನ್ನ, ಇನ್ನೊಂದರಲ್ಲಿ ಶಿಷ್ಯನೇ ಸರಕು.

ಹಾಗಾಗಿ ಕೇಳಬೇಕಾದದ್ದು ನಿಯಮ ಮುರಿಯಿತೇ ಎಂದಲ್ಲ, ಮುರಿದದ್ದಕ್ಕೆ ದಂಡ ಕಟ್ಟಿದವರು ಯಾರು ಎಂದು. ನಿಯಮ ಮುರಿದ ಗುರುವನ್ನು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಸಾಕು. ಕಳಸದ ಗೋವಿಂದಭಟ್ಟರು ಮುಸ್ಲಿಂ ಹುಡುಗ ಶರೀಫನನ್ನು ಶಿಷ್ಯನನ್ನಾಗಿ ಸ್ವೀಕರಿಸಿದ್ದು ಹತ್ತೊಂಬತ್ತನೇ ಶತಮಾನದ ಅತಿ ಬಿಗಿಯಾದ ಕಟ್ಟಳೆಯನ್ನು ಮೀರಿ. ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದರೆಂದು ಐತಿಹ್ಯ. ಅವರು ಅದನ್ನು ಮುಚ್ಚಿಡಲಿಲ್ಲ; ಜಾತಿಯವರ ಸಿಟ್ಟನ್ನು ತಾವೇ ಎದುರಿಸಿದರು. ಇದಕ್ಕೆ ತದ್ವಿರುದ್ಧವಾಗಿ, ಶಿಷ್ಯನ ಹೆಬ್ಬೆರಳು ಕೇಳಿದ ದ್ರೋಣ ಅರಮನೆಯ ಮರ್ಯಾದೆ ಮೀರಿದವನಲ್ಲ, ಉಳಿಸಿದವನು. (ನಮ್ಮ ಸರ್ಕಾರ 1985ರಿಂದ ಕೋಚ್‌ಗಳಿಗೆ ಕೊಡುತ್ತಿರುವ ಪ್ರಶಸ್ತಿ ಇವನ ಹೆಸರಿನದೇ.)

ದಂಡ ಶಿಷ್ಯೆಯ ಮೇಲೇ ಬಿದ್ದ ಉದಾಹರಣೆ ನಮ್ಮ ಕ್ರೀಡೆಯಲ್ಲೂ ಇದೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಅಶ್ವಿನಿಯೂ ಸೇರಿ ರಿಲೇಯ ಹುಡುಗಿಯರು ಸಿಕ್ಕಿಬಿದ್ದರು. ಕೋಚ್ ಯೂರಿ ಒಗೊರೊದ್ನಿಕ್ ಕೊಟ್ಟ ಜಿನ್ಸೆಂಗ್‌ನಿಂದಲೇ ಹೀಗಾಯಿತೆಂದರು. ಕೋಚ್‌ಗೆ ಕೆಲಸ ಹೋಯಿತು. ಓಟಗಾರ್ತಿಯರಿಗೆ ಮೊದಲು ಒಂದು ವರ್ಷ, ಆಮೇಲೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಿಂದ ಎರಡು ವರ್ಷ ನಿಷೇಧ; ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ತನ್ನ ಮೈಯೊಳಗೆ ಹೋದದ್ದಕ್ಕೆ ಕ್ರೀಡಾಪಟುವೇ ಹೊಣೆ ಎಂಬ ನಿಯಮ ಒರಟಾದರೂ ಅಗತ್ಯ, ಇಲ್ಲದಿದ್ದರೆ ಪ್ರತಿಯೊಬ್ಬರೂ ಕೋಚ್‌ನತ್ತ ಬೆರಳು ತೋರಿ ಪಾರಾಗುತ್ತಾರೆ. ಒಪ್ಪೋಣ. ಆದರೆ ತರಬೇತಿ ಶಿಬಿರದಲ್ಲಿ ಊಟ, ಅಭ್ಯಾಸ, ಆಯ್ಕೆ ಎಲ್ಲವೂ ಒಬ್ಬನ ಮಾತಿನ ಮೇಲೆ ನಿಂತಿರುವಾಗ ‘ಈ ಗುಳಿಗೆ ಏನು ಸರ್?’ ಎಂದು ಕೇಳುವುದು ಕಿರಾಣಿ ಅಂಗಡಿಯಲ್ಲಿ ಬೇಳೆಯ ದರ ಕೇಳಿದಷ್ಟು ಸಲೀಸಲ್ಲ. ಆ ಅಧಿಕಾರವನ್ನು ಅನುಭವಿಸಿದವನಿಗೆ ಶಿಷ್ಯೆಗಿಂತ ಹಗುರವಾದ ಶಿಕ್ಷೆ ಏಕೆ?

ಹಾನಗಲ್ಲ, ಸವಣೂರು, ಹಿರೇಕೆರೂರಿನ ಮೈದಾನಗಳಲ್ಲಿ ಮದ್ದಿನ ಮಾತು ದೂರದ್ದು. ಯಾವ ತಾಲ್ಲೂಕಿಗಾದರೂ ಹತ್ತಿರದ ಆಮಿಷ ವಯಸ್ಸಿನದು. ಹದಿನಾಲ್ಕರೊಳಗಿನವರ ಕಬಡ್ಡಿ ತಂಡಕ್ಕೆ ಹದಿನಾರರ ಹುಡುಗನನ್ನು ಸೇರಿಸಲು ಜನ್ಮದಿನಾಂಕ ತಿದ್ದಿದರೆ ಕಪ್ಪು ಶಾಲೆಯ ಕಪಾಟಿಗೆ ಬರುತ್ತದೆ. ಆ ತಾರೀಖು ಮಾತ್ರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಏರುತ್ತದೆ, ಅಲ್ಲಿಂದ ಪೊಲೀಸ್ ನೇಮಕಾತಿಯ ಅರ್ಜಿಗೆ. ದಾಖಲೆ ತಾಳೆಯಾಗದೆ ಮೇಜಿನ ಆಚೆಯಿಂದ ಪ್ರಶ್ನೆ ಬಂದಾಗ ಹುಡುಗ ಒಬ್ಬನೇ ನಿಂತಿರುತ್ತಾನೆ, ಪಿ.ಟಿ. ಮಾಸ್ತರರಿಗೆ ಅಷ್ಟೊತ್ತಿಗೆ ಬೇರೆ ಊರಿಗೆ ವರ್ಗವಾಗಿರುತ್ತದೆ.