ನೀರು ಬರುವ ಮೊದಲು ಒಂದು ಫೋಟೋ ತೆಗೀರಿ

ಬಾದಾಮಿಗೆ ಹೋದವರೆಲ್ಲ ತರುವ ಫೋಟೋ ಒಂದೇ. ಅಗಸ್ತ್ಯ ತೀರ್ಥದ ನೀರು, ದಂಡೆಗೆ ಭೂತನಾಥನ ಗುಡಿ, ಹಿಂದೆ ಕೆಂಪು ಗುಡ್ಡ. ಸಿನಿಮಾದವರು ಬಂದರೂ ಅದನ್ನೇ ತೆಗೆದುಕೊಂಡು ಹೋಗುತ್ತಾರೆ. ಅದೇ ಹೊಂಡದ ಪಾವಟಿಗೆ ಮೇಲೆ ಮುಂಜಾನೆ ಅರಿವಿ ಒಗೆಯುವ ಹೆಣ್ಣುಮಕ್ಕಳು, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಬರುವ ದಾರಿಯ ಸಣ್ಣ ಮನೆಗಳು, ಚಹಾದಂಗಡಿ ಯಾರ ಕ್ಯಾಮೆರಾಕ್ಕೂ ಬೀಳುವುದಿಲ್ಲ. ಕೇಳಿದರೆ, "ಅದರಾಗೇನೈತ್ರಿ ತೆಗಿಯೂದು? ದಿನಾ ನೋಡೂದ ಐತಲ್ಲ" ಅಂತಾರೆ.

ದಿನಾ ನೋಡುವುದು ನಾಳೆಯೂ ಇರುತ್ತದೆ ಎಂಬ ಧೈರ್ಯ ಬೇರೆ ಊರಿನವರಿಗೆ ಇರಲಿ. ಬಾಗಲಕೋಟೆಯವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ಅದು ನಮ್ಮೂರಿನ ಓಣಿಗಳ ಅಂಗಳಕ್ಕೆ ಬರುವ ನೀರು ಅಂತ ಎಷ್ಟು ಮಂದಿಗೆ ಹೊಳೆದಿತ್ತೋ ಗೊತ್ತಿಲ್ಲ. ಅಣೆಕಟ್ಟು ಕೃಷ್ಣೆಗೆ, ಹಿನ್ನೀರು ಘಟಪ್ರಭೆಯ ದಂಡೆಯ ನಮಗೆ! ಎಂಬತ್ತರ ದಶಕದಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಬಂತು, ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿಂದ ನವನಗರದ ನಕ್ಷೆ ಬಂತು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್ ತನಕ ನೀರು ನಿಲ್ಲಿಸಲು ಒಪ್ಪಿತು. ಮನೆ ಬಿಟ್ಟವರು ಬಾಗಿಲು, ಚೌಕಟ್ಟು, ತೊಲೆ, ಕಂಬ ಬಿಚ್ಚಿಕೊಂಡು ಬಂಡಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಓಣಿಯ ಹೆಸರು ಹೇಳಿ ವಿಳಾಸ ಕೊಡುತ್ತಿದ್ದವರು ಸೆಕ್ಟರ್ ನಂಬರು, ಪ್ಲಾಟ್ ನಂಬರು ಹೇಳಲು ಕಲಿತರು.

ಆ ಮನೆಗಳ ದಾಖಲೆ ಇಲ್ಲವೇ ಅಂದರೆ ಇದೆ. ಪರಿಹಾರದ ಕಡತದಲ್ಲಿ ಇದೆ. ಇಷ್ಟು ಉದ್ದ, ಇಷ್ಟು ಅಗಲ, ಮೇಲ್ಮುದ್ದೆಯೋ ಆರ್‌ಸಿಸಿಯೋ, ಬೆಲೆ ಎಷ್ಟು. ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು, ಪಡಸಾಲೆಯ ಗೂಟಕ್ಕೆ ಏನು ನೇತು ಹಾಕುತ್ತಿದ್ದರು, ಕಿರಾಣಿ ಅಂಗಡಿಯ ಗಾದಿ ಯಾವ ಮೂಲೆಗಿತ್ತು ಅನ್ನುವುದಕ್ಕೆ ಕಡತದಲ್ಲಿ ಜಾಗ ಇಲ್ಲ. ಅದು ಮನೆಯವರೇ ತೆಗೆಯಬೇಕಾದ ಫೋಟೋ. ಆದರೆ ಆಗ ಫೋಟೋ ಅಂದರೆ ಲಗ್ನ, ಜವಳ, ಮುಪ್ಪಾದ ಹಿರಿಯರ ಒಂದು ಎದೆಮಟ್ಟದ ಚಿತ್ರ. ರೀಲಿಗೆ 36 ಫೋಟೋ, ತೊಳೆಯಲು ಬೇರೆ ರೊಕ್ಕ. ಖಾಲಿ ಗೋಡೆಗೆ, ತೆರೆದ ಅಂಗಡಿಗೆ ಯಾರು ಖರ್ಚು ಮಾಡುತ್ತಾರೆ? ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಈಗ ಕಿಸೆಯಲ್ಲಿ ಫೋನು ಇದ್ದೂ ತೆಗೆಯದವರ ಮೇಲೆ ಹೊರಿಸಬಹುದು.

ಯಾಕೆಂದರೆ ನೀರಿನ ಲೆಕ್ಕ ಇನ್ನೂ ಮುಗಿದಿಲ್ಲ. 2010ರ ಡಿಸೆಂಬರಿನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್ ಅಂತ ತೀರ್ಪು ಕೊಟ್ಟಿದೆ. ಇಂದಿನ ಮಟ್ಟಕ್ಕಿಂತ ನಾಲ್ಕೂವರೆ ಮೀಟರ್ ಮೇಲೆ, ಅಂದರೆ ಒಂದು ಅಂತಸ್ತಿನ ಮನೆಯ ಮಾಳಿಗೆಗಿಂತ ಎತ್ತರ. ಅದು ಯಾವಾಗ ಜಾರಿಗೆ ಬರುತ್ತದೆ, ಪರಿಹಾರ ಎಷ್ಟು ಅನ್ನುವ ವಾದ ಈ ಅಂಕಣದ್ದಲ್ಲ. ಹಳೇ ಊರಿನಲ್ಲಿ ಇವತ್ತು ಶೆಟರ್ ಎತ್ತಿದ ಅಂಗಡಿಗಳ ಮಾತು ನನ್ನದು. ನೀರು ನಾಳೆ ಬರಲಿ, ಹತ್ತು ವರ್ಷ ಬಿಟ್ಟು ಬರಲಿ, ಅಂಗಡಿಯ ಫೋಟೋ ಇವತ್ತೇ ತೆಗೆಯಬಹುದಲ್ಲ?

ದೊಡ್ಡದನ್ನು ಕಾಯಲು ಸರಕಾರ ಇದೆ. ಹುನಗುಂದ ಸೀಮೆಯ ಕೂಡಲಸಂಗಮ ನೋಡಿ. ಹಿನ್ನೀರು ಬರುತ್ತದೆ ಅಂದ ಕೂಡಲೇ ಬಸವಣ್ಣನವರ ಐಕ್ಯಲಿಂಗದ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿದರು, ಇಳಿದು ಹೋಗಲು ಮೆಟ್ಟಿಲು ಮಾಡಿದರು. ಮಾಡಬೇಕಾದದ್ದೇ. ಆದರೆ ಜೈನಪೇಟೆಯ ಒಂದು ಕಟ್ಟೆಗೆ, ಕಿಲ್ಲಾದ ಒಂದು ಸಂದಿಗೆ ಯಾರೂ ಗೋಡೆ ಕಟ್ಟುವುದಿಲ್ಲ. ಅವಕ್ಕೆ ಇರುವುದು ಫೋಟೋ ಒಂದೇ.

"ಫೋಟೋದಿಂದ ಇತಿಹಾಸ ಆಗತೈತೇನ್ರಿ?" ಅನ್ನುವವರಿಗೆ ಐಹೊಳೆಯ ಮಾತು ಹೇಳಬೇಕು. 1855ರಲ್ಲಿ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಕ್ಯಾಪ್ಟನ್‌ನನ್ನು ಫೋಟೋ ತೆಗೆಯುವ ಕೆಲಸಕ್ಕೆ ಹಚ್ಚಿತು. ಆತ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲ ತಿರುಗಿದ. ಫಿಲ್ಮ್ ಇರದ ಕಾಲ, ಕಾಗದದ ಮೇಲೇ ನೆಗೆಟಿವ್. ಅವನ ಮತ್ತು ಅವನ ಜಾಗಕ್ಕೆ ಬಂದ ಡಾಕ್ಟರ್ ಪಿಗೌ ಮುಂತಾದವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬಂದು ಸರ್ವೆ ಮಾಡಿದ. ಅವನ ವರದಿಯ ಹೆಸರಿನಲ್ಲಿ ಕಲಾದಗಿ ಜಿಲ್ಲೆ ಅಂತಿದೆ, ನಮ್ಮ ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ.

ಆ ಸಾಹೇಬರಿಗೆ ಬೇಕಾದದ್ದು ಕೆತ್ತನೆ, ಕಂಬ, ಶಿಖರ. ಆದರೆ ಕ್ಯಾಮೆರಾಕ್ಕೆ ಆ ಭೇದ ಇಲ್ಲ ನೋಡ್ರಿ, ಎದುರಿಗೆ ಇದ್ದದ್ದೆಲ್ಲ ಒಳಗೆ ಬರುತ್ತದೆ. ಐಹೊಳೆಯ ದುರ್ಗದ ಗುಡಿಯ ನೆತ್ತಿಯ ಮೇಲೆ ಹಿಂದೆ ಕಲ್ಲು ಒಟ್ಟಿ ಕೋಟೆಯ ಕಾವಲು ಕಟ್ಟೆ ಮಾಡಿದ್ದರು. ದುರ್ಗಾದೇವಿಯ ಗುಡಿ ಅಂತ ಇವತ್ತಿಗೂ ಎಷ್ಟೋ ಮಂದಿ ತಿಳಿದಿದ್ದಾರೆ, ಹೆಸರು ಬಂದದ್ದು ದುರ್ಗದಿಂದ, ಕೋಟೆಯಿಂದ. ಆ ಕಲ್ಲಿನ ಒಟ್ಟಲು ಈಗ ಗುಡಿಯ ಮೇಲೆ ಇಲ್ಲ, ಹಳೇ ಫೋಟೋದಲ್ಲಿ ಇದೆ. ಅದೇ ಊರಿನ ಲಾಡಖಾನ್ ಗುಡಿಗೆ ಒಳಗೆ ವಾಸವಿದ್ದವನ ಹೆಸರೇ ಗಟ್ಟಿಯಾಯಿತು. ಅವನ ಒಲೆ ಎಲ್ಲಿತ್ತು, ಹಾಸಿಗೆ ಎಲ್ಲಿ ಹಾಸುತ್ತಿದ್ದ ಅನ್ನುವ ಒಂದು ಚಿತ್ರ ಇದ್ದಿದ್ದರೆ! ಈಗ ಐಹೊಳೆಯ ಗುಡಿಗಳಿಗೆ ಅಂಟಿಕೊಂಡ ಮನೆಗಳನ್ನು ಬೇರೆ ಕಡೆ ಸಾಗಿಸುವ ಮಾತು ಹತ್ತಾರು ವರ್ಷದಿಂದ ನಡೆದಿದೆ. ಬಂದವರು ಫೋಟೋ ತೆಗೆಯುವಾಗ, "ಮನಿ ಅಡ್ಡ ಬರ್ತಾವು, ಈ ಕಡೆ ಬಾ" ಅಂತಾರೆ. ನಾನಾದರೆ ಮನೆ ಬರುವ ಹಾಗೇ ನಿಂತು ತೆಗೀರಿ ಅನ್ನುತ್ತೇನೆ.

ಇಳಕಲ್ಲಿಗೆ ನೀರಿನ ಭಯ ಇಲ್ಲ, ಅಲ್ಲಿಯ ಭಯ ಬೇರೆ. ಸೀರೆಯ ಫೋಟೋಕ್ಕೆ ಬರ ಇಲ್ಲ. ಟೋಪ ತೆನಿ ಸೆರಗು, ಕೆಂಪು ದಡಿ, ಉಟ್ಟುಕೊಂಡು ನಿಂತ ಚೆಲುವೆ. ಆ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೈಯ ಫೋಟೋ ಎಷ್ಟು ಮನೆಯಲ್ಲಿದೆ? ಇಳಕಲ್ಲ ಸೀರೆಯ ಗುಟ್ಟೇ ಆ ಕೊಂಡಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಅಜ್ಜ, ಓಣಿಯಲ್ಲಿ ಹಾಸು ಹೂಡುವ ಮನೆಮಂದಿ, ಬಣ್ಣದ ಹಂಡೆ, ಇವೆಲ್ಲ ಪವರ್‌ಲೂಮಿನ ಸಪ್ಪಳದಲ್ಲಿ ಒಂದೊಂದಾಗಿ ಮನೆಯಿಂದ ಹೊರಬೀಳುತ್ತಿವೆ. ಮಗ್ಗ ಕಿತ್ತ ಮೇಲೆ ಕುಣಿಗೆ ಮಣ್ಣು ತುಂಬಿ ಫರಸಿ ಹಾಕಿದರೆ ಮುಗಿಯಿತು, ಮೊಮ್ಮಗನಿಗೆ ತೋರಿಸಲು ತಗ್ಗೂ ಇರುವುದಿಲ್ಲ.

ಬನಶಂಕರಿ ಜಾತ್ರೆಯೂ ಹಾಗೇ. ತೇರಿನ ಫೋಟೋ ಸಾವಿರ. ಮಾರಾಟಕ್ಕೆ ಸಾಲಾಗಿ ನಿಲ್ಲಿಸಿದ ಬಾಗಿಲ ಚೌಕಟ್ಟು, ನಾಟಕ ಕಂಪನಿಯ ಬೋರ್ಡು, ಬುಟ್ಟಿಯಲ್ಲಿ ರೊಟ್ಟಿ-ಪಲ್ಯ ತಂದು ಮಾರುವ ಅವ್ವಂದಿರು ಎಷ್ಟು ಫೋಟೋದಲ್ಲಿ ಇದ್ದಾರೆ?

ಫೋಟೋ ತೆಗೆಯಲು ಹೋದರೆ ಬೈಸಿಕೊಳ್ಳಬೇಕಾಗುತ್ತದೆ, ಅದೂ ನಿಜ. ಅಂಗಡಿಯ ಮುಂದೆ ಕ್ಯಾಮೆರಾ ಎತ್ತಿದರೆ, "ಯಾಕ್ರೀ, ರಸ್ತೆ ಅಗಲ ಮಾಡ್ತಾರೇನು? ಟ್ಯಾಕ್ಸ್‌ನವರೇನು?" ಅಂತ ಕೇಳುತ್ತಾರೆ. ಕೇಳಲಿ. ಮೊದಲು ನಮಸ್ಕಾರ ಹೇಳಿ, ಯಾಕೆ ಅಂತ ತಿಳಿಸಿ, ಬೇಡ ಅಂದರೆ ಬಿಟ್ಟು ಬರಬೇಕು. ನಳದ ಹತ್ತಿರ ಇರುವ ಹೆಣ್ಣುಮಕ್ಕಳನ್ನು ಕೇಳದೆ ತೆಗೆಯುವುದು ಇತಿಹಾಸ ಅಲ್ಲ, ಅದು ಪುಂಡತನ.

ಇನ್ನೊಂದು ರೋಗ ಇದೆ. ತೆಗೆದದ್ದನ್ನು ಸ್ಟೇಟಸ್‌ಗೆ ಹಾಕುವುದು. ಮರುದಿನ ಅದು ಮಾಯ. ಫೋನು ಕೆಟ್ಟಿತೋ, ಬಸ್ಸಿನಲ್ಲಿ ಕಳೆಯಿತೋ, ಐದು ವರ್ಷದ ಊರು ಹೋಯಿತು. ವರ್ಷಕ್ಕೆ ಇಪ್ಪತ್ತಾದರೂ ಫೋಟೋ ಕಾಗದದ ಮೇಲೆ ಹಾಕಿಸಿ, ಹಿಂದೆ ಪೆನ್ಸಿಲಿನಿಂದ ಓಣಿ, ತಾರೀಖು, ನಿಂತವರ ಹೆಸರು ಬರೆದು ಟ್ರಂಕಿನಲ್ಲಿ ಇಡಿ. ಹೆಸರಿಲ್ಲದ ಫೋಟೋ ಮೂವತ್ತು ವರ್ಷದ ಮೇಲೆ ಅನಾಥ ಹೆಣ ಇದ್ದಂತೆ, ಗುರುತು ಹಿಡಿಯುವವರೇ ಇರುವುದಿಲ್ಲ. ಪೇಟೆಯ ಹಳೇ ಸ್ಟುಡಿಯೋದವರಿಗೂ ಒಂದು ಮಾತು: ನಿಮ್ಮ ಅಟ್ಟದ ಮೇಲಿನ ನೆಗೆಟಿವ್ ಡಬ್ಬಿಗಳನ್ನು ರದ್ದಿಗೆ ಹಾಕಬೇಡಿ. ಲಗ್ನದ ಮೆರವಣಿಗೆಯ ಹಿಂದೆ ಮುಳುಗಿದ ಓಣಿ ನಿಂತಿರುತ್ತದೆ.

ನಗರಸಭೆ ಮತ್ತು ಪ್ರಾಧಿಕಾರದವರು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸ ಅಲ್ಲ. ಮನೆ ಅಳೆಯಲು ಟೇಪು ಹಿಡಿದು ಹೋಗುವವರ ಜೊತೆ ಒಬ್ಬ ಫೋಟೋದವನನ್ನೂ ಕಳಿಸಲಿ. ಒಂದು ಪ್ರತಿ ಮನೆಯವರಿಗೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ.

ಅದು ಆಗುವ ತನಕ ಹೋಳಿ ಒಂದು ಚಲೋ ಅವಕಾಶ. ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ, ಐದೂ ಓಣಿಯವರು ಹಲಗೆ ಹಿಡಿದು ಹೊರಗೆ ಬಂದಿರುತ್ತಾರೆ, ಬೈಯುವವರೂ ಕಡಿಮೆ. ಬಣ್ಣದ ಬಂಡಿಯನ್ನು ಎಲ್ಲರೂ ತೆಗೆಯುತ್ತಾರೆ, ನೀವು ಅದರ ಹಿಂದಿನ ಗೋಡೆ, ಕಟ್ಟೆ, ಬೋರ್ಡು ಬರುವಂತೆ ನಿಲ್ಲಿ. ಹಬ್ಬದ ತನಕ ಪುರಸೊತ್ತಿಲ್ಲ ಅನ್ನುವ ಅಂಗಡಿಕಾರರು ಮುಂಜಾನೆ ಕಸ ಹೊಡೆದು ಊದಿನಕಡ್ಡಿ ಹಚ್ಚುವ ಹೊತ್ತಿಗೆ ರಸ್ತೆಯ ಆ ಕಡೆ ಹೋಗಿ ಒಂದು ತೆಗೆದುಕೊಳ್ಳಲಿ. ಗಿರಾಕಿ ಇರುವುದಿಲ್ಲ, ಬೆಳಕೂ ಚಲೋ ಇರುತ್ತದೆ.