ಅರ್ಜಿ, ಪಹಣಿ, ಲಗ್ನಪತ್ರಿಕೆಯೂ ಕನ್ನಡ ಪಾಠವೇ

ಔರಾದ್, ಭಾಲ್ಕಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಮರಾಠಿ. ಬೀದರ್ ನಗರದ ಎಷ್ಟೋ ಮನೆಗಳಲ್ಲಿ ಉರ್ದು. ಇಲ್ಲಿನ ಮಕ್ಕಳು ಕನ್ನಡವನ್ನು ಶಾಲೆಯಲ್ಲೇ ಕಲಿಯಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಯಾವ ಮಾಧ್ಯಮದ ಶಾಲೆಯಾದರೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಆದರೆ ಹೇಗೆ ಕಲಿಸಬೇಕು?

ಪ್ರಶ್ನೋತ್ತರ ಬಾಯಿಪಾಠ ಮಾಡಿ ಹತ್ತನೇ ತರಗತಿ ಪಾಸಾದ ಹುಡುಗನ ಕೈಗೆ ಮನೆಯ ಪಹಣಿ ಕೊಟ್ಟು ನೋಡಿ. ಸ್ವಾಧೀನದಾರರ ಹೆಸರು, ಖರಾಬು, ಋಣ ಎಂಬ ಕಾಲಂಗಳು ಅವನಿಗೆ ಅರ್ಥವಾಗುತ್ತವೆಯೇ? ಹೊಲದ ಮೇಲೆ ಬ್ಯಾಂಕಿನ ಸಾಲ ಇದೆಯೋ ಇಲ್ಲವೋ ಗೊತ್ತಾಗುವುದು ಅಲ್ಲಿಯೇ. ಮಳೆಗೆ ಸೋಯಾ, ತೊಗರಿ ಹಾಳಾದರೆ ತಹಶೀಲ್ದಾರರಿಗೆ ಅರ್ಜಿ ಬರೆಯಲು ಬಾರದಿದ್ದರೆ ದುಡ್ಡು ಕೊಟ್ಟು ಬೇರೆಯವರಿಂದ ಬರೆಸಬೇಕು.

ಪ್ರತಿಯೊಂದು ಬರಹಕ್ಕೂ ಅದರದೇ ಅಚ್ಚು ಇದೆ. ಅರ್ಜಿಗೆ 'ಇವರಿಗೆ', 'ವಿಷಯ', 'ಮಾನ್ಯರೇ' ಬೇಕು. ಗೆಳೆಯನಿಗೆ ಮೊಬೈಲಿನಲ್ಲಿ 'ಅಕ್ಕನ ಮದುವೆ ಇದೆ, ಬಾ' ಅಂದರೆ ಸಾಕು. ಲಗ್ನಪತ್ರಿಕೆಯಲ್ಲಿ ಅದೇ ಮಾತು 'ತಾವು ಕುಟುಂಬ ಸಮೇತರಾಗಿ ಆಗಮಿಸಬೇಕು' ಎಂದಾಗುತ್ತದೆ. ಪೇಪರಿನ ಸುದ್ದಿಯಲ್ಲಿ ಮತ್ತೊಂದು ರೀತಿ. ಒಂದೇ ಮದುವೆಯನ್ನು ಮೂರು ರೀತಿ ಬರೆಸಿದರೆ ಯಾರಿಗೆ, ಯಾಕೆ, ಹೇಗೆ ಹೇಳಬೇಕು ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ.

ಇದು ಹೊಸ ಮಾತೇನಲ್ಲ. ಬ್ರೆಜಿಲ್ ದೇಶವು ವಿದೇಶಿಯರಿಗಾಗಿ 1998ರಿಂದ ಸೆಲ್ಪೆ-ಬ್ರಾಸ್ ಎಂಬ ಪೋರ್ಚುಗೀಸ್ ಪರೀಕ್ಷೆ ನಡೆಸುತ್ತಿದೆ. ಅದರಲ್ಲಿ ವ್ಯಾಕರಣದ ಬಿಡಿ ಪ್ರಶ್ನೆಗಳಿಲ್ಲ. ಓದಿದ್ದನ್ನು, ಕೇಳಿದ್ದನ್ನು ಇಟ್ಟುಕೊಂಡು ಪತ್ರವನ್ನೋ ಲೇಖನವನ್ನೋ ಬರೆಯಬೇಕು. ಯಾರು ಯಾರಿಗೆ ಯಾಕೆ ಬರೆಯುತ್ತಿದ್ದಾರೆ ಎಂಬುದನ್ನು ಪ್ರಶ್ನೆಯಲ್ಲೇ ಹೇಳಿರುತ್ತಾರೆ.

ಹಾಗಾದರೆ ವ್ಯಾಕರಣ, ಪದ್ಯ ಬೇಡವೇ? ಖಂಡಿತ ಬೇಕು. 'ಪರಿಹಾರ ಮಂಜೂರು ಮಾಡಬೇಕೆಂದು ಕೋರುತ್ತೇನೆ' ಎಂದು ಬರೆಸುವಾಗ ವಿಭಕ್ತಿ, ಕ್ರಿಯಾಪದ ಎಲ್ಲವೂ ಬರುತ್ತವೆ. ವಚನವೂ ಒಂದು ಬಗೆಯ ಬರಹವೇ, ಅದನ್ನೂ ಓದಲಿ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಇವತ್ತು ನಮಗೆ ಆ ಭಯವಿಲ್ಲ. ವಾರಕ್ಕೊಂದು ಪೀರಿಯಡ್ ಇದಕ್ಕೆ ಇಡಿ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಮನೆಯಲ್ಲಿರುವ ಹಳೇ ಪಹಣಿ, ಲಗ್ನಪತ್ರಿಕೆ, ಬಸ್ ಟಿಕೆಟ್, ಕರೆಂಟ್ ಬಿಲ್ಲನ್ನು ಮಕ್ಕಳ ಕೈಲಿ ಶಾಲೆಗೆ ಕಳಿಸಿ. ಇದಕ್ಕೆ ಖರ್ಚೇನೂ ಇಲ್ಲ.