ಇಟಾಲಿಯನ್ನೋ, ಸ್ವೀಡಿಶ್ಶೋ? ಕನ್ನಡದ ಕಿವಿಯಿಂದ ಕೇಳಿ

ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಕಾಲಿಟ್ಟರೆ ಸಾಕು, ಹಾಸ್ಟೆಲಿನ ಹರಟೆಯ ವಿಷಯವೇ ಬದಲಾಗುತ್ತದೆ. ಮಾಸ್ಟರ್ಸ್ ಎಂದರೆ ಅಮೆರಿಕ, ಜರ್ಮನಿ ಎನ್ನುತ್ತಿದ್ದವರ ಬಾಯಲ್ಲಿ ಈಗ ಇಟಲಿ, ಸ್ವೀಡನ್ ಹೆಸರುಗಳೂ ಬರುತ್ತಿವೆ. ‘ಕೋರ್ಸು ಇಂಗ್ಲಿಷಿನಲ್ಲೇ ಇರುತ್ತೆ, ಅವರ ಭಾಷೆ ಯಾಕೆ?’ ಎಂದು ಕೇಳುವವರು ಬಹಳ. ಕೋರ್ಸು ಮುಗಿದ ಮೇಲೆ ಕೆಲಸ ಹುಡುಕಬೇಕಲ್ಲ, ಅದಕ್ಕೆ. ಶಿಕ್ಷಣ ಸಾಲದ ಕಂತು ಶುರುವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ಪ್ಲೇಸ್‌ಮೆಂಟ್ ತಯಾರಿಗಳ ನಡುವೆ ನನಗೆ ಉಳಿಯುವುದು ದಿನಕ್ಕೆ ಒಂದು ಗಂಟೆ. ಆ ಒಂದು ಗಂಟೆಯನ್ನು ಯಾವ ಭಾಷೆಗೆ ಕೊಡಬೇಕು?

ಯಾವುದು ಸುಲಭ ಎಂದು ಹುಡುಕಿದರೆ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಪಟ್ಟಿ ಎದುರಾಗುತ್ತದೆ. ಅದರಲ್ಲಿ ಎರಡೂ ಭಾಷೆಗಳು ಒಂದೇ ಗುಂಪಿನಲ್ಲಿವೆ, ಅದೂ ಅತಿ ಸುಲಭದ ಗುಂಪಿನಲ್ಲಿ. ಸುಮಾರು 24 ವಾರಗಳ ಪೂರ್ಣಾವಧಿ ಕಲಿಕೆ ಸಾಕಂತೆ. ಆದರೆ ಆ ಲೆಕ್ಕ ಹಾಕಿರುವುದು ಇಂಗ್ಲಿಷ್ ತಾಯ್ನುಡಿಯವರಿಗೆ. ಕನ್ನಡ ಆಡುತ್ತಾ ಬೆಳೆದ ನಾಲಿಗೆಗೆ ಲೆಕ್ಕ ಬೇರೆ.

ಮೊದಲು ಇಟಾಲಿಯನ್. ಅದರ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ‘ಕಾರ್’ ಅನ್ನು ಕಾರು, ‘ಪೆನ್’ ಅನ್ನು ಪೆನ್ನು ಮಾಡಿಕೊಂಡ ನಮಗೆ ಇದಕ್ಕಿಂತ ಹಿತ ಇನ್ನೇನಿದೆ? ಒತ್ತಕ್ಷರದ ವಿಷಯವಂತೂ ನಮ್ಮದೇ ಅಂಗಳ. ಅಲ್ಲಿ ‘ಕಪೆಲ್ಲೊ’ ಎಂದರೆ ಕೂದಲು, ‘ಕಪ್ಪೆಲ್ಲೊ’ ಎಂದರೆ ಟೋಪಿ. ‘ನೋನೊ’ ಒಂಬತ್ತನೆಯದು, ‘ನೊನ್ನೊ’ ಅಜ್ಜ. ಇಂಗ್ಲಿಷಿನವರಿಗೆ ಈ ವ್ಯತ್ಯಾಸ ಕಿವಿಗೆ ಬೀಳುವುದೇ ಕಷ್ಟ. ಕತೆಗೂ ಕತ್ತೆಗೂ, ಹಳಿಗೂ ಹಳ್ಳಿಗೂ ಇರುವ ಅಂತರ ಬಲ್ಲ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಬರೆದಂತೆ ಓದುವ ಭಾಷೆ ಎಂಬುದೂ ದೊಡ್ಡ ಲಾಭ. ನಾಲ್ಕಾರು ನಿಯಮ ಕಲಿತರೆ ಅರ್ಥವಾಗದಿದ್ದರೂ ಪತ್ರಿಕೆಯನ್ನು ಗಟ್ಟಿಯಾಗಿ ಓದಬಹುದು.

ಇನ್ನೊಂದು ನಂಟು ಕ್ರಿಯಾಪದದಲ್ಲಿದೆ. ಕನ್ನಡದಲ್ಲಿ ‘ಬಂದೆ’ ಎಂದರೆ ಸಾಕು, ‘ನಾನು’ ಅದರೊಳಗೇ ಇದೆ. ಇಟಾಲಿಯನ್ನಿನಲ್ಲೂ ಹಾಗೇ: ‘ಪಾರ್ಲೊ’ ಎಂದರೆ ಮಾತಾಡುತ್ತೇನೆ, ‘ಪಾರ್ಲಿ’ ಎಂದರೆ ಮಾತಾಡುತ್ತೀಯ, ‘ಪಾರ್ಲಿಯಾಮೊ’ ಎಂದರೆ ಮಾತಾಡುತ್ತೇವೆ. ತಮಾಷೆ ಎಂದರೆ, ನಾವು ದಿನಾ ಹೇಳುವ ಸ್ವೀಡನ್ನಿನ ಹೆಸರೊಂದು ಈ ಸಾಲಿಗೇ ಸೇರುತ್ತದೆ. ಹೊಸಕೋಟೆಯಲ್ಲಿ ಬಸ್ಸು ತಯಾರಿಸಿದ ವೋಲ್ವೊ ಸ್ವೀಡನ್ನಿನ ಕಂಪನಿಯಾದರೂ ಅದರ ಹೆಸರು ಲ್ಯಾಟಿನ್, ಅರ್ಥ ‘ಉರುಳುತ್ತೇನೆ’. ಕೊನೆಯ ಓಕಾರದಲ್ಲಿ ‘ನಾನು’ ಅಡಗಿದೆ. ಲ್ಯಾಟಿನ್ನಿನ ಮಗಳಾದ ಇಟಾಲಿಯನ್ ಅದನ್ನು ಇಂದಿಗೂ ಉಳಿಸಿಕೊಂಡಿದೆ.

ಹಾಗೆಂದು ಇಟಾಲಿಯನ್ ನೀರು ಕುಡಿದಷ್ಟು ಸುಲಭವೇನಲ್ಲ. ಮೇಜು ಗಂಡು, ಕುರ್ಚಿ ಹೆಣ್ಣು. ಜೊತೆಗೆ ಬರುವ ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಹಿಂದಿಯ ‘ಕಾ-ಕೀ’ಗಳಲ್ಲಿ ಮಾರ್ಕು ಕಳೆದುಕೊಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಸ್ವೀಡಿಶ್‌ನದು ತದ್ವಿರುದ್ಧ ಕತೆ. ವ್ಯಾಕರಣ ಹಗುರ, ಉಚ್ಚಾರಣೆ ಭಾರ. ನಾನು, ನೀನು, ಅವರು ಯಾರೇ ಮಾತಾಡಲಿ, ಕ್ರಿಯಾಪದ ಒಂದೇ: ‘ತಾಲಾರ್’. ‘ಬೀಲ್’ ಎಂದರೆ ಕಾರು, ‘ಬೀಲೆನ್’ ಎಂದರೆ ಆ ಕಾರು. ಪ್ರತ್ಯಯ ಬಾಲಕ್ಕೆ ಅಂಟುವುದು ನಮಗೆ ಹೊಸದಲ್ಲ. ಇಂಗ್ಲಿಷಿನ ಸೋದರ ಭಾಷೆಯಾದ್ದರಿಂದ ‘ಬೂಕ್’ ಎಂದರೆ ಪುಸ್ತಕ, ‘ವಿಂತೆರ್’ ಎಂದರೆ ಚಳಿಗಾಲ ಎಂದು ಊಹಿಸಿಬಿಡಬಹುದು. ಆದರೆ ಇಂಗ್ಲಿಷ್ ನಂಬಿ ಕೆಡುವುದೂ ಉಂಟು: ‘ಗ್ಲಾಸ್’ ಎಂದರೆ ಲೋಟವೇ, ಸ್ವರ ಮೊಟಕಾಗಿ ‘ಗ್ಲಸ್’ ಆಯಿತೋ ಐಸ್‌ಕ್ರೀಮು!

ಏಳು ಎಂಬ ಸಂಖ್ಯೆಗೆ ಸ್ವೀಡಿಶ್ ಪದವನ್ನು ಇಲ್ಲಿ ಬರೆಯೋಣವೆಂದರೆ ನಮ್ಮ ವರ್ಣಮಾಲೆಯೇ ಕೈಕೊಡುತ್ತದೆ. ಶ್ಯೂ ಅಲ್ಲ, ಹ್ಯೂ ಅಲ್ಲ, ಎರಡರ ನಡುವೆ ಊದಿದಂಥ ಸದ್ದು. ಸಾಲದ್ದಕ್ಕೆ ರಾಗ ಬೇರೆ. ‘ಅಂದೆನ್’ ಎಂಬ ಪದವನ್ನು ಒಂದು ಧಾಟಿಯಲ್ಲಿ ಹೇಳಿದರೆ ಬಾತುಕೋಳಿ, ಇನ್ನೊಂದು ಧಾಟಿಯಲ್ಲಿ ಹೇಳಿದರೆ ಆತ್ಮ.

ಇಷ್ಟೆಲ್ಲ ಆದರೂ ನಿರ್ಧಾರ ನಿಲ್ಲಬೇಕಾದ್ದು ಆ ದೇಶದಲ್ಲಿ ಭಾಷೆ ಯಾವಾಗ ಬೇಕಾಗುತ್ತದೆ ಎಂಬುದರ ಮೇಲೆ ಎಂದು ನನ್ನ ಎಣಿಕೆ. ಇಟಲಿಗೆ ಇಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು; ವಿದ್ಯಾರ್ಥಿಗಳು ಅದನ್ನು ಕೊಡುವುದು ಅಂಚೆ ಕಚೇರಿಯಲ್ಲಿ. ಕೌಂಟರಿನವರು ಇಂಗ್ಲಿಷ್ ಆಡುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ. ಅಂದರೆ ಇಟಾಲಿಯನ್ ಮೊದಲ ವಾರದಲ್ಲೇ ಬೇಕು, ವಿಮಾನ ಹತ್ತುವ ಮೊದಲೇ ಕಲಿತಿರಬೇಕು.

ಸ್ವೀಡನ್ನಿನಲ್ಲಿ ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಕಷ್ಟಪಟ್ಟು ಎರಡು ವಾಕ್ಯ ಸ್ವೀಡಿಶ್ ಆಡಿದರೂ ಎದುರಿನವರು ಸೌಜನ್ಯದಿಂದಲೇ ಇಂಗ್ಲಿಷಿಗೆ ಜಾರಿಬಿಡುತ್ತಾರೆ ಎಂಬುದು ಕಲಿಯುವವರ ಸಾಮಾನ್ಯ ಗೋಳು. (ಬೆಂಗಳೂರಿನಲ್ಲಿ ಕನ್ನಡ ಕಲಿಯಲು ಹೊರಟ ಹೊರರಾಜ್ಯದವರಿಗೆ ನಾವು ಮಾಡುವುದೂ ಇದನ್ನೇ ಅಲ್ಲವೆ?) ಅಲ್ಲಿ ನಿವಾಸಿಯಾಗಿ ನೋಂದಾಯಿಸಿಕೊಂಡ ವಯಸ್ಕರಿಗೆ ಸ್ಥಳೀಯ ಆಡಳಿತವೇ ಉಚಿತವಾಗಿ ಸ್ವೀಡಿಶ್ ಕಲಿಸುತ್ತದೆ; ಹೋದ ಮೇಲೆ ಶುರು ಮಾಡಿದರೂ ನಡೆದೀತು. ಆದರೆ ನರ್ಸಿಂಗ್, ವೈದ್ಯಕೀಯ ಓದಿದವರ ಮಾತು ಬೇರೆ. ಅಲ್ಲಿ ಲೈಸೆನ್ಸ್ ಸಿಗಲು ಸಿ-1 ಮಟ್ಟದ, ಅಂದರೆ ಸರಾಗವಾಗಿ ವ್ಯವಹರಿಸುವಷ್ಟು ಸ್ವೀಡಿಶ್ ಬೇಕೇ ಬೇಕು.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. 2011ರಿಂದ ಸ್ವೀಡನ್ ಯುರೋಪಿನ ಆಚೆಯ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಪಡೆಯುತ್ತಿದೆ. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಸಾಮಾನ್ಯವಾಗಿ ಕುಟುಂಬದ ಆದಾಯ ನೋಡಿ ನಿಗದಿಯಾಗುತ್ತದೆ, ಪ್ರಾದೇಶಿಕ ವಿದ್ಯಾರ್ಥಿವೇತನಗಳಿಗೂ ಅರ್ಜಿ ಹಾಕಬಹುದು. ಮಧ್ಯಮ ವರ್ಗದ ಮನೆಯಿಂದ ಬಂದ ನನಗೆ ಉಳಿದೆಲ್ಲ ವಾದಗಳಿಗಿಂತ ಇದೇ ತೂಕದ್ದಾಗಿ ಕಂಡಿತು. ಹಾಗಾಗಿ ನನ್ನ ಒಂದು ಗಂಟೆ ಇಟಾಲಿಯನ್ನಿಗೆ.

ನನ್ನ ರೂಮ್‌ಮೇಟ್ ಮಾತ್ರ ಹಟ ಹಿಡಿದು ಸ್ವೀಡಿಶ್ ಕಲಿಯುತ್ತಿದ್ದಾನೆ. ವಾಹನೋದ್ಯಮದ ಊರಾದ ಗೋಥೆನ್‌ಬರ್ಗ್ ಅವನ ಕನಸು. ಅಲ್ಲೇ ನೆಲೆಯೂರುವ ಆಸೆ ಇರುವವನಿಗೆ ನಾನು ಬೇಡ ಎನ್ನಲಾರೆ. ಕಚೇರಿಯ ಮೀಟಿಂಗು ಇಂಗ್ಲಿಷಿನಲ್ಲಿ ನಡೆದರೂ ಊಟದ ಮೇಜಿನ ಮಾತು ಸ್ವೀಡಿಶ್‌ನಲ್ಲೇ ಇರುತ್ತದಲ್ಲ! ಅವನು ಸರಳ ಸ್ವೀಡಿಶ್‌ನಲ್ಲಿ ಬರುವ ‘ಎಂಟು ಪುಟ’ ಎಂಬ ಅರ್ಥದ ಹೆಸರಿನ ಸುದ್ದಿಪತ್ರಿಕೆಯನ್ನು ಆನ್‌ಲೈನಿನಲ್ಲಿ ದಿನಾ ಓದುತ್ತಾನೆ, ಪ್ರತಿ ವಾಕ್ಯವನ್ನೂ ಹಾಡಿದಂತೆ ಮೂರು ಸಲ ಹೇಳುತ್ತಾನೆ. ಪಕ್ಕದ ಮಂಚದಲ್ಲಿ ನಾನು ಒತ್ತಕ್ಷರ ಒತ್ತುತ್ತಿರುತ್ತೇನೆ. ವಾರ್ಡನ್ ಎರಡು ಸಲ ಬಂದು ಬಾಗಿಲು ತಟ್ಟಿದ್ದೂ ಆಗಿದೆ.